ಎರಡು ಕೇಬಲು, ಒಂದೇ ದಾರಿ: ಮ್ಯಾನೇಜ್ಡ್ ಸ್ವಿಚ್ಚಿನ ಪೋರ್ಟುಗಳ ಒಳಗುಟ್ಟು

ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದ ಗಣಕಜಾಲ 2002ರ ನವೆಂಬರ್ ತಿಂಗಳಲ್ಲಿ ಸುಮಾರು ನಾಲ್ಕು ದಿನಗಳ ಕಾಲ ಕೈಕೊಟ್ಟಿತ್ತು. ಪ್ರಯೋಗಾಲಯದ ವರದಿ, ಔಷಧದ ಚೀಟಿ, ರೋಗಿಯ ದಾಖಲೆ ಎಲ್ಲವೂ ಕಾಗದಕ್ಕೆ ಮರಳಿದವು. ಕಂಪ್ಯೂಟರಿನ ಮೇಲೆಯೇ ತರಬೇತಿ ಪಡೆದಿದ್ದ ಕಿರಿಯ ವೈದ್ಯರಿಗೆ ಹಿರಿಯರು ಕೈಬರಹದಲ್ಲಿ ಔಷಧ ಬರೆಯುವುದನ್ನು ಹೇಳಿಕೊಡಬೇಕಾಯಿತು. ಇದಕ್ಕೆ ವೈರಸ್ ಕಾರಣವಾಗಿರಲಿಲ್ಲ, ಯಾರೂ ಕನ್ನ ಹಾಕಿರಲಿಲ್ಲ. ಸಂಶೋಧನೆಗೆ ಬಳಸುತ್ತಿದ್ದ ಒಂದು ತಂತ್ರಾಂಶ ಅಪಾರ ದತ್ತಾಂಶವನ್ನು ಜಾಲದೊಳಗೆ ಹರಿಯಬಿಟ್ಟಿತ್ತು. ವರ್ಷಗಳಿಂದ ತುಂಡುತುಂಡಾಗಿ ಬೆಳೆದಿದ್ದ ಸ್ವಿಚ್ಚುಗಳ ಜಾಲಕ್ಕೆ ಅದನ್ನು ತಾಳಿಕೊಳ್ಳುವ ಶಕ್ತಿ ಇರಲಿಲ್ಲ. ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಎಳೆದ ಕೊಂಡಿಗಳು ಮಿತಿ ಮೀರಿದ್ದವು. ಆಸ್ಪತ್ರೆಯ ಮುಖ್ಯ ಮಾಹಿತಿ ಅಧಿಕಾರಿಯಾಗಿದ್ದ ಜಾನ್ ಹಲಾಮ್ಕಾ ಇದನ್ನು ಮುಚ್ಚಿಡದೆ ಬಹಿರಂಗವಾಗಿ ಹೇಳಿಕೊಂಡರು. ಹಾಗಾಗಿಯೇ ಈ ಪ್ರಕರಣ ಇಂದಿಗೂ ಜಾಲ ನಿರ್ವಾಹಕರ ಪಾಲಿಗೆ ಪಾಠವಾಗಿ ಉಳಿದಿದೆ.

ಸಣ್ಣ ಕಚೇರಿ, ಸಹಕಾರಿ ಬ್ಯಾಂಕು, ಕಾಲೇಜು, ನರ್ಸಿಂಗ್ ಹೋಮುಗಳಲ್ಲಿಯೂ ಈಗ ಮ್ಯಾನೇಜ್ಡ್ ಸ್ವಿಚ್ಚುಗಳು ಬಂದಿವೆ. ಪೆಟ್ಟಿಗೆಯಿಂದ ತೆಗೆದು ಕೇಬಲು ಚುಚ್ಚಿದರೆ ಅವು ಕೆಲಸ ಮಾಡುತ್ತವೆ. ತೊಂದರೆ ಇರುವುದೇ ಅಲ್ಲಿ. ಸಾಮಾನ್ಯ ಸ್ವಿಚ್ಚಿನಂತೆ ಬಳಸಿ ಸುಮ್ಮನಿದ್ದರೆ ಹೆಚ್ಚು ಕೊಟ್ಟ ಹಣ ವ್ಯರ್ಥ. ಅರೆತಿಳಿವಳಿಕೆಯಿಂದ ಪೋರ್ಟುಗಳನ್ನು ತಿದ್ದಲು ಹೊರಟರೆ ಇರುವ ಜಾಲವೂ ಕೆಡುತ್ತದೆ. ಪೋರ್ಟಿನ ಮಟ್ಟದಲ್ಲಿ ಏನೇನು ತಿದ್ದಬಹುದು, ಎರಡು ಮೂರು ಕೇಬಲುಗಳನ್ನು ಒಂದೇ ಕೊಂಡಿಯಾಗಿ ಕಟ್ಟುವ ‘ಲಿಂಕ್ ಅಗ್ರಿಗೇಶನ್’ ಹೇಗೆ ಕೆಲಸ ಮಾಡುತ್ತದೆ, ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವೇಗ ಮತ್ತು ಡ್ಯೂಪ್ಲೆಕ್ಸ್

ಪೋರ್ಟಿನ ಸಂರಚನೆಯಲ್ಲಿ ಮೊದಲಿಗೆ ಕಣ್ಣಿಗೆ ಬೀಳುವುದು ವೇಗ ಮತ್ತು ಡ್ಯೂಪ್ಲೆಕ್ಸ್. ಕೇಬಲಿನ ಎರಡೂ ತುದಿಯ ಸಾಧನಗಳು ಏಕಕಾಲಕ್ಕೆ ಕಳುಹಿಸುತ್ತ, ಪಡೆಯುತ್ತ ಇರಬಲ್ಲವಾದರೆ ಅದು ಫುಲ್ ಡ್ಯೂಪ್ಲೆಕ್ಸ್. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕಾದರೆ ಅದು ಹಾಫ್ ಡ್ಯೂಪ್ಲೆಕ್ಸ್. 1995ರ ಫಾಸ್ಟ್ ಇಥರ್‌ನೆಟ್ ಮಾನಕದೊಂದಿಗೆ ‘ಆಟೋ ನೆಗೋಶಿಯೇಶನ್’ ಎಂಬ ಏರ್ಪಾಡು ಬಂತು. ಎರಡೂ ತುದಿಗಳು ತಮ್ಮ ಸಾಮರ್ಥ್ಯವನ್ನು ಪರಸ್ಪರ ತಿಳಿಸಿ, ಇಬ್ಬರಿಗೂ ಒಗ್ಗುವ ಉತ್ತಮ ವೇಗವನ್ನು ತಾವೇ ಆರಿಸಿಕೊಳ್ಳುತ್ತವೆ.

ಆರಂಭದ ವರ್ಷಗಳಲ್ಲಿ ಬೇರೆ ಬೇರೆ ಕಂಪೆನಿಗಳ ಸಾಧನಗಳ ನಡುವೆ ಈ ಮಾತುಕತೆ ಹಲವು ಬಾರಿ ಹಳಿ ತಪ್ಪುತ್ತಿತ್ತು. ‘ಮುಖ್ಯ ಪೋರ್ಟುಗಳನ್ನು 100 ಮೆಗಾಬಿಟ್, ಫುಲ್ ಡ್ಯೂಪ್ಲೆಕ್ಸ್ ಎಂದು ಕೈಯಾರೆ ಬಿಗಿಯಬೇಕು’ ಎಂಬ ಬುದ್ಧಿವಾದ ಆಗ ಹುಟ್ಟಿಕೊಂಡಿತು. ಕಾಲ ಬದಲಾದರೂ ಆ ಬುದ್ಧಿವಾದ ಮಾತ್ರ ಬಾಯಿಂದ ಬಾಯಿಗೆ ಹರಿದು ಇಂದಿಗೂ ಉಳಿದಿದೆ. ಅದರಿಂದಾಗುವ ಹಾನಿ ಸಣ್ಣದಲ್ಲ. ಒಂದು ತುದಿಯನ್ನು ಹೀಗೆ ಬಿಗಿದರೆ ಅದು ಮಾತುಕತೆಯನ್ನೇ ನಿಲ್ಲಿಸುತ್ತದೆ. ಆಟೋದಲ್ಲಿಯೇ ಉಳಿದಿರುವ ಇನ್ನೊಂದು ತುದಿ ಸಂಕೇತದ ಸ್ವರೂಪ ನೋಡಿ ವೇಗ 100 ಎಂದು ಊಹಿಸಬಲ್ಲದು, ಆದರೆ ಡ್ಯೂಪ್ಲೆಕ್ಸ್ ಯಾವುದೆಂದು ತಿಳಿಯುವ ದಾರಿ ಅದಕ್ಕಿಲ್ಲ. ನಿಯಮದಂತೆ ಅದು ಹಾಫ್‌ಗೆ ಇಳಿಯುತ್ತದೆ. ಈಗ ಒಂದು ತುದಿ ಎಡೆಬಿಡದೆ ಮಾತಾಡುತ್ತದೆ, ಇನ್ನೊಂದು ಅದನ್ನು ಡಿಕ್ಕಿ ಎಂದು ಭಾವಿಸಿ ಹಿಂದೆ ಸರಿಯುತ್ತದೆ.

ಈ ದೋಷದ ಮಾಯಾವಿ ಗುಣವೆಂದರೆ ಕೊಂಡಿ ಸತ್ತಂತೆ ಕಾಣುವುದೇ ಇಲ್ಲ. ದೀಪ ಉರಿಯುತ್ತಿರುತ್ತದೆ, ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ದೊಡ್ಡ ಕಡತವೊಂದನ್ನು ಸಾಗಿಸಲು ಹೊರಟಾಗ ಮಾತ್ರ ವೇಗ ಪಾತಾಳಕ್ಕಿಳಿಯುತ್ತದೆ. ಹಾಫ್ ಇರುವ ತುದಿಯಲ್ಲಿ ‘ಲೇಟ್ ಕೊಲಿಶನ್’ ಎಣಿಕೆಯೂ, ಫುಲ್ ಇರುವ ತುದಿಯಲ್ಲಿ ಸಿಆರ್‌ಸಿ ದೋಷದ ಎಣಿಕೆಯೂ ಏರುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ತಾಮ್ರದ ಕೇಬಲಿನ ಗಿಗಾಬಿಟ್ ಮಾನಕದಲ್ಲಂತೂ ಆಟೋ ನೆಗೋಶಿಯೇಶನ್ ಕಡ್ಡಾಯ. ಯಾವ ತುದಿಯ ಗಡಿಯಾರವನ್ನು ಆಧಾರವಾಗಿಟ್ಟುಕೊಳ್ಳಬೇಕು ಎಂಬುದೂ ಅದರಲ್ಲಿಯೇ ನಿರ್ಧಾರವಾಗುತ್ತದೆ. ಆದ್ದರಿಂದ ಎರಡೂ ಕಡೆ ಆಟೋದಲ್ಲಿ ಬಿಡುವುದೇ ಸರಿ. ಇನ್ನೊಂದು ತುದಿಯ ಹಳೆಯ ಸಾಧನಕ್ಕೆ ಆಟೋ ಗೊತ್ತೇ ಇಲ್ಲದಿದ್ದರೆ ಮಾತ್ರ ಬಿಗಿಯಬೇಕು, ಬಿಗಿಯುವುದಾದರೆ ಎರಡೂ ಕಡೆ ಬಿಗಿಯಬೇಕು.

ಗಿಗಾಬಿಟ್ ಪೋರ್ಟು 100 ಮೆಗಾಬಿಟ್‌ನಲ್ಲಿಯೇ ನಿಂತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನು. 100 ಮೆಗಾಬಿಟ್‌ಗೆ ನಾಲ್ಕು ಜೋಡಿ ತಂತಿಗಳಲ್ಲಿ ಎರಡು ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಕ್ರಿಂಪ್ ಮಾಡುವಾಗ ಒಂದು ತಂತಿ ಸರಿಯಾಗಿ ಕೂರದಿದ್ದರೆ ಅನೇಕ ಸಾಧನಗಳು ದೂರು ಹೇಳದೆ ಕೆಳಗಿನ ವೇಗಕ್ಕೆ ಇಳಿದುಬಿಡುತ್ತವೆ.

ಬಳಕೆದಾರರ ಪೋರ್ಟು, ಟ್ರಂಕ್ ಪೋರ್ಟು

ಒಂದೇ ಸ್ವಿಚ್ಚಿನೊಳಗೆ ಪರಸ್ಪರ ಕಾಣದ ಹಲವು ಜಾಲಗಳನ್ನು ರಚಿಸುವುದು ವಿಎಲ್‌ಎಎನ್. 1998ರ 802.1ಕ್ಯೂ ಮಾನಕದ ಪ್ರಕಾರ ಪ್ರತಿ ಫ್ರೇಮಿಗೆ 4 ಬೈಟುಗಳ ಚೀಟಿಯೊಂದನ್ನು ಅಂಟಿಸಲಾಗುತ್ತದೆ. ಅದರಲ್ಲಿ ವಿಎಲ್‌ಎಎನ್ ಸಂಖ್ಯೆಗೆ 12 ಬಿಟ್‌ಗಳಿದ್ದು, 4094 ಸಂಖ್ಯೆಗಳನ್ನು ಬಳಸಬಹುದು. ಕಂಪ್ಯೂಟರ್, ಪ್ರಿಂಟರುಗಳಿಗೆ ಹೋಗುವ ಪೋರ್ಟು ‘ಆಕ್ಸೆಸ್’ ಪೋರ್ಟು. ಅದು ಒಂದೇ ವಿಎಲ್‌ಎಎನ್‌ಗೆ ಸೇರಿರುತ್ತದೆ. ಸ್ವಿಚ್ಚಿನಿಂದ ಸ್ವಿಚ್ಚಿಗೆ ಹೋಗುವುದು ‘ಟ್ರಂಕ್’ ಪೋರ್ಟು. ಚೀಟಿ ಅಂಟಿಸಿದ ಎಲ್ಲ ವಿಎಲ್‌ಎಎನ್‌ಗಳ ಫ್ರೇಮುಗಳೂ ಅದರಲ್ಲಿ ಸಾಗುತ್ತವೆ. ಚೀಟಿಯಿಲ್ಲದೆ ಬಂದ ಫ್ರೇಮು ಟ್ರಂಕಿನ ‘ನೇಟಿವ್’ ವಿಎಲ್‌ಎಎನ್‌ಗೆ ಸೇರುತ್ತದೆ. ಎರಡೂ ತುದಿಯಲ್ಲಿ ಈ ಸಂಖ್ಯೆ ಬೇರೆಯಾಗಿದ್ದರೆ ಲೆಕ್ಕಪತ್ರ ವಿಭಾಗದ ಫ್ರೇಮುಗಳು ಅತಿಥಿಗಳ ಜಾಲದಲ್ಲಿ ಇಳಿಯಬಹುದು.

ಬಾಸ್ಟನ್ನಿನ ಆಸ್ಪತ್ರೆಯನ್ನು ಕಾಡಿದ ಸಂಗತಿ ಬರುವುದು ಇಲ್ಲಿಯೇ. ಇಥರ್‌ನೆಟ್ ಫ್ರೇಮಿಗೆ ಆಯುಷ್ಯದ ಮಿತಿ ಇಲ್ಲ. ಎರಡು ಸ್ವಿಚ್ಚುಗಳ ನಡುವೆ ಎರಡು ಕೇಬಲು ಹಾಕಿದರೆ ಎಲ್ಲರಿಗೂ ಉದ್ದೇಶಿಸಿದ ಒಂದೇ ಒಂದು ಬ್ರಾಡ್‌ಕಾಸ್ಟ್ ಫ್ರೇಮು ಆ ವೃತ್ತದಲ್ಲಿ ಸುತ್ತುತ್ತಲೇ ಇರುತ್ತದೆ. ಹೊಸ ಫ್ರೇಮುಗಳು ಬಂದು ಸೇರಿದಂತೆ ಕ್ಷಣಾರ್ಧದಲ್ಲಿ ಜಾಲವೇ ಉಸಿರುಗಟ್ಟುತ್ತದೆ. ಇದನ್ನು ತಡೆಯಲು ರೇಡಿಯಾ ಪರ್ಲ್‌ಮನ್ ರೂಪಿಸಿದ ವಿಧಾನ ‘ಸ್ಪ್ಯಾನಿಂಗ್ ಟ್ರೀ’. ಸ್ವಿಚ್ಚುಗಳು ತಮ್ಮೊಳಗೆ ಸಂದೇಶ ಹಂಚಿಕೊಂಡು ಒಂದನ್ನು ಬೇರಾಗಿ ಆರಿಸಿ, ವೃತ್ತ ಉಂಟುಮಾಡುವ ಹೆಚ್ಚುವರಿ ಕೊಂಡಿಗಳನ್ನು ತಡೆಹಿಡಿಯುತ್ತವೆ. ಮೂಲ ಮಾನಕದ ಸಮಯದ ಲೆಕ್ಕಾಚಾರ ಒಂದು ತುದಿಯಿಂದ ಇನ್ನೊಂದಕ್ಕೆ ಏಳು ಸ್ವಿಚ್ಚುಗಳನ್ನು ಮೀರದ ಜಾಲಕ್ಕೆ ಹೊಂದುವಂಥದ್ದು. ಬಾಸ್ಟನ್ನಿನ ಆ ಜಾಲ ಈ ಗಡಿಯನ್ನು ದಾಟಿ ಬೆಳೆದಿತ್ತು.

ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಪೋರ್ಟು ಜೀವ ತಳೆದ ಮೇಲೆ ಆಲಿಸಲು 15, ಕಲಿಯಲು 15, ಒಟ್ಟು 30 ಸೆಕೆಂಡು ಕಾಯುತ್ತದೆ. ಕಂಪ್ಯೂಟರಿನ ಪೋರ್ಟಿಗೆ ಈ ಕಾಯುವಿಕೆ ಬೇಡ. ಸಿಸ್ಕೊ ಸ್ವಿಚ್ಚುಗಳಲ್ಲಿ ‘ಪೋರ್ಟ್‌ಫಾಸ್ಟ್’, ಇತರ ಕಂಪೆನಿಗಳಲ್ಲಿ ‘ಎಡ್ಜ್ ಪೋರ್ಟ್’ ಎಂಬ ಹೆಸರಿನಲ್ಲಿ ಅದನ್ನು ತಪ್ಪಿಸಬಹುದು. ಅದರ ಜೊತೆಗೆ ‘ಬಿಪಿಡಿಯು ಗಾರ್ಡ್’ ಇರಲೇಬೇಕು. ಕಚೇರಿಯಲ್ಲಿ ನೆಲ ಗುಡಿಸುವಾಗ ಸಡಿಲವಾಗಿ ಬಿದ್ದಿರುವ ಕೇಬಲಿನ ತುದಿ ಕಂಡು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಯಾರಾದರೂ ಅದನ್ನು ಪಕ್ಕದ ಗೋಡೆಯ ಸಾಕೆಟ್ಟಿಗೆ ಚುಚ್ಚುವುದುಂಟು. ಇನ್ನೊಂದು ತುದಿಯೂ ಗೋಡೆಯಲ್ಲಿಯೇ ಇದ್ದರೆ ವೃತ್ತ ಸಿದ್ಧ. ಗಾರ್ಡ್ ಇದ್ದರೆ ಸ್ವಿಚ್ಚು ಕಳುಹಿಸಿದ ಸಂದೇಶ ಅದಕ್ಕೇ ಮರಳಿ ಬಂದೊಡನೆ ಆ ಪೋರ್ಟು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಪೋರ್ಟನ್ನು ನಿರ್ವಾಹಕರೇ ಮತ್ತೆ ತೆರೆಯಬೇಕು ಎಂಬುದು ಕಿರಿಕಿರಿ ಎನಿಸಿದರೂ ಇಡೀ ಕಟ್ಟಡದ ಜಾಲ ನಿಲ್ಲುವುದಕ್ಕಿಂತ ಅದು ಮೇಲು.

ಕೊಂಡಿಗಳ ಒಗ್ಗೂಡಿಕೆ

ಎರಡು ಸ್ವಿಚ್ಚುಗಳ ನಡುವೆ ಒಂದೇ ಗಿಗಾಬಿಟ್ ಕೊಂಡಿ ಸಾಲದಾಯಿತು ಎನ್ನೋಣ. ಇನ್ನೊಂದು ಕೇಬಲು ಹಾಕಿದರೆ ಸ್ಪ್ಯಾನಿಂಗ್ ಟ್ರೀ ಅದನ್ನು ತಡೆಹಿಡಿಯುತ್ತದೆ. ಕೇಬಲು ಇದ್ದೂ ಇಲ್ಲದಂತೆ. ಈ ಇಕ್ಕಟ್ಟಿಗೆ ಪರಿಹಾರ ಎರಡೂ ಕೇಬಲುಗಳನ್ನು ಒಂದೇ ತಾರ್ಕಿಕ ಪೋರ್ಟಾಗಿ ಕಟ್ಟುವುದು. ಆಗ ಸ್ಪ್ಯಾನಿಂಗ್ ಟ್ರೀಯ ಕಣ್ಣಿಗೆ ಕಾಣುವುದು ಒಂದೇ ಕೊಂಡಿ. ಎರಡೂ ಕೇಬಲು ದುಡಿಯುತ್ತವೆ, ಒಂದು ಕಡಿದರೆ ಇನ್ನೊಂದು ಹೊರೆ ಹೊರುತ್ತದೆ.

ಈ ತಂತ್ರವನ್ನು ‘ಈಥರ್‌ಚಾನೆಲ್’ ಎಂಬ ಹೆಸರಿನಲ್ಲಿ ಮೊದಲು ರೂಪಿಸಿದ ಕಂಪೆನಿಯ ಹೆಸರು ಕನ್ನಡಿಗರ ಕಿವಿಗೆ ಬಲು ಪರಿಚಿತ: ಕಲ್ಪನಾ. ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅವರು ಲ್ಯಾರಿ ಬ್ಲೇರ್ ಅವರೊಡನೆ ಸಿಲಿಕಾನ್ ಕಣಿವೆಯಲ್ಲಿ ಸ್ಥಾಪಿಸಿದ ಕಂಪೆನಿಗೆ ಭಾರದ್ವಾಜ್ ಅವರ ಪತ್ನಿಯ ಹೆಸರನ್ನೇ ಇಡಲಾಗಿತ್ತು. 1990ರಲ್ಲಿ ಏಳು ಪೋರ್ಟುಗಳ ಇಥರ್‌ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದದ್ದೂ ಇದೇ ಕಂಪೆನಿ. 1994ರಲ್ಲಿ ಸಿಸ್ಕೊ ಅದನ್ನು ಕೊಂಡಿತು. ಒಂದೊಂದು ಕಂಪೆನಿ ಒಂದೊಂದು ವಿಧಾನ ಅನುಸರಿಸುತ್ತಿದ್ದ ಕಾಲ ಕೊನೆಗೊಂಡದ್ದು 2000ದಲ್ಲಿ ಐಇಇಇ ಸಂಸ್ಥೆಯ 802.3ಎಡಿ ಮಾನಕ ಬಂದಾಗ. 2008ರಲ್ಲಿ ಅದನ್ನು 802.1ಎಎಕ್ಸ್ ಎಂಬ ಬೇರೆ ಸಂಖ್ಯೆಯಡಿ ತರಲಾಯಿತು. ಆದರೂ ಸ್ವಿಚ್ಚುಗಳ ಪರದೆಯ ಮೇಲೆ, ಕೈಪಿಡಿಗಳಲ್ಲಿ ಹಳೆಯ ಸಂಖ್ಯೆಯೇ ಹೆಚ್ಚಾಗಿ ಕಾಣಸಿಗುತ್ತದೆ.

ಈ ಮಾನಕದ ಜೀವಾಳ ಎಲ್‌ಎಸಿಪಿ ಎಂಬ ಸಂವಹನ ನಿಯಮ. ಪ್ರತಿಯೊಂದು ಕೇಬಲಿನ ಮೇಲೂ ಎರಡು ಸ್ವಿಚ್ಚುಗಳು ‘ನಾನು ಇಂಥ ಸಾಧನ, ಇದು ನನ್ನ ಇಂಥ ಪೋರ್ಟು, ಇಂಥ ಗುಂಪಿಗೆ ಸೇರಿದೆ’ ಎಂಬ ಸಂದೇಶವನ್ನು ನಿಯಮಿತವಾಗಿ ಕಳುಹಿಸುತ್ತವೆ. ನಿಧಾನ ಕ್ರಮದಲ್ಲಿ 30 ಸೆಕೆಂಡಿಗೊಮ್ಮೆ, ವೇಗದ ಕ್ರಮದಲ್ಲಿ ಸೆಕೆಂಡಿಗೊಮ್ಮೆ. ಸತತ ಮೂರು ಸಂದೇಶಗಳಷ್ಟು ಕಾಲ ಉತ್ತರ ಬರದಿದ್ದರೆ, ಅಂದರೆ 90 ಅಥವಾ 3 ಸೆಕೆಂಡುಗಳ ಬಳಿಕ, ಆ ಕೇಬಲನ್ನು ಗುಂಪಿನಿಂದ ಕೈಬಿಡಲಾಗುತ್ತದೆ. ‘ಆಕ್ಟಿವ್’ ಎಂದು ಸಜ್ಜುಗೊಳಿಸಿದ ತುದಿ ತಾನಾಗಿ ಮಾತಿಗಿಳಿಯುತ್ತದೆ. ‘ಪ್ಯಾಸಿವ್’ ತುದಿ ಕರೆದರೆ ಮಾತ್ರ ಓಗೊಡುತ್ತದೆ. ಎರಡೂ ಕಡೆ ಪ್ಯಾಸಿವ್ ಇಟ್ಟರೆ ‘ನೀವು ಮೊದಲು’ ಎಂದು ಇಬ್ಬರೂ ಕಾಯುತ್ತಾ ಕೂರುತ್ತಾರೆ, ಗುಂಪು ರಚನೆಯಾಗುವುದಿಲ್ಲ. ಎರಡೂ ಕಡೆ ಆಕ್ಟಿವ್ ಇಡುವುದರಿಂದ ಯಾವ ನಷ್ಟವೂ ಇಲ್ಲ.

ಸಂದೇಶ ವಿನಿಮಯವಿಲ್ಲದೆ ಬಲವಂತವಾಗಿ ಕಟ್ಟುವ ‘ಆನ್’ ಅಥವಾ ‘ಸ್ಟ್ಯಾಟಿಕ್’ ವಿಧಾನವೂ ಇದೆ. ಸುಲಭವೆಂದು ಅನೇಕರು ಅದನ್ನೇ ಆರಿಸುತ್ತಾರೆ. ಅದು ಅಪಾಯಕಾರಿ. ಒಂದು ಸ್ವಿಚ್ಚು ಎರಡೂ ಕೇಬಲುಗಳನ್ನು ಒಂದೆಂದು ತಿಳಿದಿದ್ದು, ಇನ್ನೊಂದು ಸ್ವಿಚ್ಚು ಅವನ್ನು ಎರಡು ಬೇರೆ ಪೋರ್ಟುಗಳೆಂದು ತಿಳಿದಿದ್ದರೆ ಅದೇ ಫ್ರೇಮು ಎರಡು ಬಾರಿ ತಲುಪುತ್ತದೆ, ಮ್ಯಾಕ್ ವಿಳಾಸದ ಪಟ್ಟಿ ಒಂದು ಪೋರ್ಟಿನಿಂದ ಇನ್ನೊಂದಕ್ಕೆ ಹೊಯ್ದಾಡುತ್ತದೆ. ಎರಡು ಕಟ್ಟಡಗಳ ನಡುವೆ ಆಪ್ಟಿಕಲ್ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿದ್ದರೆ ಇನ್ನೂ ಕಷ್ಟ. ಅಗ್ಗದ ಕನ್ವರ್ಟರುಗಳಲ್ಲಿ ರಸ್ತೆ ಅಗೆತದಲ್ಲಿ ಫೈಬರ್ ತುಂಡಾದರೂ ಕನ್ವರ್ಟರಿನಿಂದ ಸ್ವಿಚ್ಚಿಗೆ ಬರುವ ತಾಮ್ರದ ಕೇಬಲಿನ ದೀಪ ಉರಿಯುತ್ತಲೇ ಇರಬಹುದು. ಸ್ಟ್ಯಾಟಿಕ್ ಗುಂಪು ಆ ದೀಪವನ್ನು ನಂಬಿ ತನ್ನ ಪಾಲಿನ ಫ್ರೇಮುಗಳನ್ನು ಅತ್ತ ಕಳುಹಿಸುತ್ತಲೇ ಹೋಗುತ್ತದೆ. ಫಲವಾಗಿ ಒಬ್ಬರ ಕಂಪ್ಯೂಟರ್ ಕೆಲಸ ಮಾಡುತ್ತದೆ, ಪಕ್ಕದ ಮೇಜಿನವರದು ಮಾಡುವುದಿಲ್ಲ. ಎಲ್‌ಎಸಿಪಿ ಇದ್ದರೆ ಎದುರಿನಿಂದ ಸಂದೇಶ ನಿಂತುಹೋದದ್ದನ್ನು ಕಂಡು ಆ ಕೇಬಲನ್ನು ತಾನೇ ಬಿಟ್ಟುಬಿಡುತ್ತದೆ.

ಎರಡು ಸೇರಿದರೆ ಎರಡಾಗದೇಕೆ?

ಎರಡು ಗಿಗಾಬಿಟ್ ಕೇಬಲುಗಳನ್ನು ಕಟ್ಟಿ, ಸರ್ವರಿನಿಂದ ಬ್ಯಾಕಪ್ ಪೆಟ್ಟಿಗೆಗೆ ಒಂದು ದೊಡ್ಡ ಕಡತವನ್ನು ನಕಲು ಮಾಡಿ ನೋಡಿದವರಿಗೆ ನಿರಾಸೆಯಾಗುತ್ತದೆ. ವೇಗ ಸೆಕೆಂಡಿಗೆ 110ರಿಂದ 118 ಮೆಗಾಬೈಟಿನಷ್ಟೇ ಉಳಿದಿರುತ್ತದೆ, ಅಂದರೆ ಒಂದೇ ಕೇಬಲಿನ ವೇಗ. ಸಂರಚನೆ ತಪ್ಪಾಗಿದೆ ಎಂದು ಭಾವಿಸಿ ಎಲ್ಲವನ್ನೂ ಕಿತ್ತುಹಾಕುವವರುಂಟು. ತಪ್ಪು ಸಂರಚನೆಯದಲ್ಲ, ನಿರೀಕ್ಷೆಯದು.

ಒಂದು ಸಂಭಾಷಣೆಗೆ ಸೇರಿದ ಫ್ರೇಮುಗಳು ಕಳುಹಿಸಿದ ಕ್ರಮದಲ್ಲಿಯೇ ತಲುಪಬೇಕೆಂಬುದು ಮಾನಕದ ಷರತ್ತು. ಒಂದು ಫ್ರೇಮನ್ನು ಈ ಕೇಬಲಿಗೆ, ಮುಂದಿನದನ್ನು ಆ ಕೇಬಲಿಗೆ ಹಂಚುತ್ತಾ ಹೋದರೆ ಕ್ರಮ ತಪ್ಪುವ ಸಂಭವವಿದೆ. ಕ್ರಮ ತಪ್ಪಿದರೆ ಟಿಸಿಪಿ ಅದನ್ನು ನಷ್ಟವೆಂದು ಬಗೆದು ವೇಗ ಇಳಿಸುತ್ತದೆ. ಆದ್ದರಿಂದ ಸ್ವಿಚ್ಚು ಫ್ರೇಮಿನ ವಿಳಾಸಗಳನ್ನು ಹಿಡಿದು ಒಂದು ಸಣ್ಣ ಲೆಕ್ಕ ಮಾಡಿ, ಆ ಸಂಭಾಷಣೆಗೆ ಒಂದು ಕೇಬಲನ್ನು ಗೊತ್ತುಪಡಿಸುತ್ತದೆ. ಇದಕ್ಕೆ ‘ಹ್ಯಾಶ್’ ಎನ್ನುತ್ತಾರೆ. ಸರಳ ಉದಾಹರಣೆ: ಸರ್ವರಿನ ಐಪಿ ವಿಳಾಸ 10ರಲ್ಲಿ ಕೊನೆಗೊಳ್ಳುತ್ತದೆ, ಬಳಕೆದಾರರ ವಿಳಾಸಗಳು 20, 21, 22, 23. ಎರಡೂ ವಿಳಾಸಗಳು ಸಮ ಸಂಖ್ಯೆಗಳಾದರೆ ಮೊದಲ ಕೇಬಲು, ಒಂದು ಸಮ ಇನ್ನೊಂದು ಬೆಸವಾದರೆ ಎರಡನೆಯ ಕೇಬಲು ಎಂಬ ನಿಯಮವಿದ್ದರೆ 20 ಮತ್ತು 22 ಒಂದರಲ್ಲಿ, 21 ಮತ್ತು 23 ಇನ್ನೊಂದರಲ್ಲಿ ಸಾಗುತ್ತವೆ. ಹೊರೆ ಹಂಚಿಹೋಯಿತು. ಆದರೆ ಹೆಚ್ಚು ಕೆಲಸ ಮಾಡುವ ಕಂಪ್ಯೂಟರುಗಳೆಲ್ಲ ಸಮ ಸಂಖ್ಯೆಯವೇ ಆದರೆ? ಒಂದು ಕೇಬಲು ತುಂಬಿ ತುಳುಕುತ್ತದೆ, ಇನ್ನೊಂದು ಖಾಲಿ ಬಿದ್ದಿರುತ್ತದೆ. ಸ್ವಿಚ್ಚಿನೊಳಗಿನ ನಿಜವಾದ ಲೆಕ್ಕ ಇದಕ್ಕಿಂತ ಜಟಿಲ, ತತ್ತ್ವ ಮಾತ್ರ ಇದೇ.

ಯಾವ ವಿಳಾಸಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದನ್ನು ಆರಿಸುವ ಅವಕಾಶ ಬಹುತೇಕ ಮ್ಯಾನೇಜ್ಡ್ ಸ್ವಿಚ್ಚುಗಳಲ್ಲಿದೆ. ಜಾಣ್ಮೆ ಬೇಕಾದದ್ದೂ ಇಲ್ಲಿಯೇ. ಸರ್ವರು ಒಂದು ಜಾಲದಲ್ಲಿ, ಬಳಕೆದಾರರು ಇನ್ನೊಂದು ಜಾಲದಲ್ಲಿದ್ದರೆ ನಡುವೆ ರೌಟರ್ ಇರುತ್ತದೆ. ಆಗ ಸರ್ವರಿಗೆ ಬರುವ ಎಲ್ಲ ಫ್ರೇಮುಗಳ ಮೇಲೂ ಇರುವುದು ರೌಟರಿನ ಮ್ಯಾಕ್ ವಿಳಾಸವೇ. ಮ್ಯಾಕ್ ಆಧಾರಿತ ಹ್ಯಾಶ್ ಇಟ್ಟರೆ ನೂರು ಮಂದಿ ಬಳಕೆದಾರರಿದ್ದರೂ ಎಲ್ಲರೂ ಒಂದೇ ಕೇಬಲಿಗೆ ಬೀಳುತ್ತಾರೆ. ಐಪಿ ವಿಳಾಸವನ್ನೋ, ಅದರೊಡನೆ ಟಿಸಿಪಿ ಪೋರ್ಟ್ ಸಂಖ್ಯೆಯನ್ನೋ ಹಿಡಿಯುವ ಹ್ಯಾಶ್ ಇದಕ್ಕೆ ಮದ್ದು. ಲಿನಕ್ಸ್ ಸರ್ವರಿನ ‘ಬಾಂಡಿಂಗ್’ ವ್ಯವಸ್ಥೆ ತಾನಾಗಿ ಬಳಸುವುದು ಮ್ಯಾಕ್ ಆಧಾರಿತ ಲೆಕ್ಕವನ್ನೇ. ಬದಲಿಸದೆ ಬಿಟ್ಟವರು ಬಹಳ. ಪ್ರತಿ ತುದಿಯೂ ತಾನು ಕಳುಹಿಸುವ ಫ್ರೇಮುಗಳಿಗೆ ಮಾತ್ರ ಕೇಬಲನ್ನು ಆರಿಸುತ್ತದೆ. ಆದ್ದರಿಂದ ಎರಡೂ ಕಡೆ ಒಂದೇ ಹ್ಯಾಶ್ ಇರಬೇಕೆಂಬ ನಿಯಮವಿಲ್ಲ, ಆದರೆ ಎರಡನ್ನೂ ನೋಡದೆ ವಿಧಿಯಿಲ್ಲ.

ಕೇಬಲುಗಳ ಸಂಖ್ಯೆಯೂ ಮುಖ್ಯ. ಸಿಸ್ಕೊದ ಅನೇಕ ಕ್ಯಾಟಲಿಸ್ಟ್ ಸ್ವಿಚ್ಚುಗಳಲ್ಲಿ ಹ್ಯಾಶಿನ ಫಲಿತಾಂಶ ಎಂಟು ಬುಟ್ಟಿಗಳಲ್ಲಿ ಒಂದಕ್ಕೆ ಬೀಳುತ್ತದೆ. ಎರಡು ಕೇಬಲಾದರೆ 4:4, ನಾಲ್ಕಾದರೆ ತಲಾ ಎರಡು. ಮೂರಾದರೆ 3:3:2, ಐದಾದರೆ 2:2:2:1:1. ಆದ್ದರಿಂದಲೇ ಎರಡು, ನಾಲ್ಕು, ಎಂಟರ ಲೆಕ್ಕದಲ್ಲಿ ಕಟ್ಟುವ ರೂಢಿ ಬಂದಿದೆ.

ಜೋಡಿಸುವ ಕ್ರಮ

ಕೆಲಸಕ್ಕೆ ಕೈಹಾಕುವ ಮುನ್ನ ಎರಡೂ ಸ್ವಿಚ್ಚುಗಳ ಸಂಬಂಧಪಟ್ಟ ಪೋರ್ಟುಗಳನ್ನು ಮುಚ್ಚಬೇಕು. ಅಥವಾ ಎರಡನೆಯ ಕೇಬಲನ್ನು ಸಂರಚನೆ ಮುಗಿಯುವವರೆಗೆ ಚುಚ್ಚಬಾರದು. ದೂರದ ಕಟ್ಟಡದ ಸ್ವಿಚ್ಚನ್ನು ಅದೇ ಕೇಬಲಿನ ಮೂಲಕ ತಿದ್ದುತ್ತಿದ್ದರೆ ಮೊದಲು ದೂರದ ತುದಿ, ಆಮೇಲೆ ಹತ್ತಿರದ್ದು. ಕ್ರಮ ತಿರುವುಮುರುವಾದರೆ ಸಂಪರ್ಕ ಕಡಿದು ಬಿಸಿಲಲ್ಲಿ ಅಲ್ಲಿಯವರೆಗೆ ನಡೆಯಬೇಕಾಗುತ್ತದೆ.

ಗುಂಪಿಗೆ ಸೇರುವ ಪೋರ್ಟುಗಳೆಲ್ಲ ಒಂದೇ ವೇಗ, ಒಂದೇ ಡ್ಯೂಪ್ಲೆಕ್ಸ್, ಒಂದೇ ರೀತಿಯ ಆಕ್ಸೆಸ್ ಅಥವಾ ಟ್ರಂಕ್ ಸ್ಥಿತಿ, ಅವೇ ವಿಎಲ್‌ಎಎನ್‌ಗಳ ಪಟ್ಟಿ ಹೊಂದಿರಬೇಕು. ಮೊದಲೇ ಹೇಳಿದ ಕೆಟ್ಟ ಕ್ರಿಂಪಿನ ಕೇಬಲು 100ಕ್ಕೆ ಇಳಿದರೆ ಆ ಪೋರ್ಟು ಗುಂಪಿನಿಂದ ಹೊರಬೀಳುತ್ತದೆ. ಸಿಸ್ಕೊ ಸ್ವಿಚ್ಚಿನಲ್ಲಿ ಪೋರ್ಟುಗಳನ್ನು ಒಟ್ಟಿಗೆ ಆರಿಸಿ ‘ಚಾನೆಲ್-ಗ್ರೂಪ್ 1 ಮೋಡ್ ಆಕ್ಟಿವ್’ ಎಂಬ ಆದೇಶ ಕೊಟ್ಟರೆ ‘ಪೋರ್ಟ್-ಚಾನೆಲ್ 1’ ಎಂಬ ತಾರ್ಕಿಕ ಪೋರ್ಟು ಹುಟ್ಟುತ್ತದೆ. ಮುಂದಿನ ವಿಎಲ್‌ಎಎನ್ ಬದಲಾವಣೆಗಳನ್ನೆಲ್ಲ ಅದರ ಮೇಲೆಯೇ ಮಾಡಬೇಕು. ಒಳಗಿನ ಒಂದು ಪೋರ್ಟನ್ನು ಮಾತ್ರ ತಿದ್ದಿದರೆ ಅದು ಉಳಿದವುಗಳೊಡನೆ ಹೊಂದದೆ ಬೇರ್ಪಡುತ್ತದೆ. ಗುಂಪಿನ ಎಲ್ಲ ಕೇಬಲುಗಳೂ ಎದುರಿನ ಒಂದೇ ಸಾಧನಕ್ಕೆ ಹೋಗಬೇಕು ಎಂಬುದನ್ನು ಮರೆಯುವಂತಿಲ್ಲ. ಒಂದನ್ನು ಈ ಸ್ವಿಚ್ಚಿಗೆ, ಇನ್ನೊಂದನ್ನು ಆ ಸ್ವಿಚ್ಚಿಗೆ ಹಾಕಬೇಕಿದ್ದರೆ ಆ ಎರಡು ಸ್ವಿಚ್ಚುಗಳು ‘ಸ್ಟ್ಯಾಕ್’ ಮಾದರಿಯಲ್ಲಿಯೋ ಅಂಥ ಬೇರೆ ಏರ್ಪಾಡಿನಲ್ಲಿಯೋ ಒಂದೇ ಸಾಧನದಂತೆ ವರ್ತಿಸಬೇಕು.

ಗುಂಪು ಸಿದ್ಧವಾದ ಮೇಲೆ ಸ್ಥಿತಿಯ ಪಟ್ಟಿಯಲ್ಲಿ ಪ್ರತಿ ಪೋರ್ಟಿನ ಮುಂದೆ ಏನಿದೆ ಎಂದು ನೋಡಬೇಕು. ಸಿಸ್ಕೊದಲ್ಲಿ ‘ಪಿ’ ಅಕ್ಷರ ಬಂದರೆ ಪೋರ್ಟು ಗುಂಪಿಗೆ ಸೇರಿದೆ, ‘ಐ’ ಬಂದರೆ ಒಂಟಿಯಾಗಿ ನಿಂತಿದೆ, ‘ಎಸ್’ ಬಂದರೆ ಅಮಾನತಾಗಿದೆ ಎಂದರ್ಥ. ಒಂಟಿಯಾಗಿದ್ದರೆ ಎದುರಿನ ತುದಿ ಎಲ್‌ಎಸಿಪಿ ಮಾತಾಡುತ್ತಿಲ್ಲ ಎಂದು ತಿಳಿಯಬಹುದು. ಬಳಿಕ ಕಚೇರಿ ಮುಗಿದ ಹೊತ್ತಿನಲ್ಲಿ ಪಿಂಗ್ ಓಡುತ್ತಿರುವಂತೆಯೇ ಒಂದು ಕೇಬಲನ್ನು ಕಿತ್ತು ನೋಡಬೇಕು. ಒಂದೆರಡು ಉತ್ತರ ತಪ್ಪಿ ಮತ್ತೆ ಹರಿವು ಸರಿಹೋದರೆ ಅದನ್ನು ಮರಳಿ ಚುಚ್ಚಿ ಇನ್ನೊಂದನ್ನು ಕೀಳಬೇಕು. ಒಂದನ್ನಷ್ಟೇ ಕಿತ್ತು ಪರೀಕ್ಷೆ ಮುಗಿಸಿದರೆ, ಎರಡನೆಯ ಕೇಬಲು ಎಂದೂ ಕೆಲಸ ಮಾಡಿರಲೇ ಇಲ್ಲ ಎಂಬುದು ಗೊತ್ತಾಗದೆ ಹೋಗಬಹುದು.

ಪ್ರತಿ ಪೋರ್ಟಿಗೂ ಅದು ಎಲ್ಲಿಗೆ ಹೋಗುತ್ತದೆ ಎಂಬ ವಿವರಣೆ ಬರೆದು, ಬಳಸದ ಪೋರ್ಟುಗಳನ್ನು ಮುಚ್ಚಿ, ಸಂರಚನೆಯನ್ನು ಉಳಿಸಬೇಕು. ಅನೇಕ ಸ್ವಿಚ್ಚುಗಳಲ್ಲಿ ಆದೇಶ ಕೊಟ್ಟೊಡನೆ ಬದಲಾವಣೆ ಜಾರಿಗೆ ಬರುತ್ತದೆಯೇ ಹೊರತು ಶಾಶ್ವತ ಸ್ಮೃತಿಗೆ ಸೇರುವುದಿಲ್ಲ. ತಿಂಗಳುಗಟ್ಟಲೆ ಚೆನ್ನಾಗಿ ನಡೆದ ಮೇಲೆ ಒಂದು ಸಂಜೆ ವಿದ್ಯುತ್ ಕೈಕೊಟ್ಟು, ಯುಪಿಎಸ್ ಬರಿದಾಗಿ, ಸ್ವಿಚ್ಚು ಮತ್ತೆ ಎದ್ದಾಗ ಹಳೆಯ ಸಂರಚನೆ ಮರಳಿರುತ್ತದೆ. ಆಗ ಗುಂಪು ಇರುವುದಿಲ್ಲ, ಎರಡು ಕೇಬಲುಗಳು ಮಾತ್ರ ಇರುತ್ತವೆ.